ಕಾಲೇಜಿಗೆ ಸೇರಿದ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸ್ಲೇಬೇಕಾ?

(ಡಿಗ್ರಿ ವಿದ್ಯಾರ್ಥಿಗಳು ಮತ್ತು ಅವರ ತಂದೆ-ತಾಯಂದಿರ ಮುಂದೆ ಆಡಿದ ಮಾತು. ಪೇಜಿನಲ್ಲಿ ಹಾಕಿ ಅಂತ ಕೆಲವರು ಕೇಳಿದ್ದರಿಂದ ಬರೆದು ಕೊಟ್ಟಿದ್ದೇನೆ.)

ರಾಯದುರ್ಗದವರಿಗೂ, ಅಷ್ಟು ದೂರ ಮಡಕಶಿರಾ ಕಡೆಯಿಂದ ಬಂದಿರೋ ಅಣ್ಣ-ಅಕ್ಕಂದಿರಿಗೂ ಶರಣು. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯ್ತು. ನಮ್ಮ ಮಕ್ಕಳ ಕಷ್ಟ ಮಾತ್ರ ಎರಡೂ ಕಡೆ ಒಂದೇ.

ನಾನು ಭಾಷಣಕಾರ ಅಲ್ಲ. ಬಿ.ಕಾಂ. ಓದಿ ಬ್ಯಾಂಕಲ್ಲಿ ಕ್ಲರ್ಕ್ ಕೆಲಸ ಮಾಡೋನು. ಅಡ್ಮಿಷನ್ ಸಮಯ ಬಂತು ಅಂದ್ರೆ ಕೌಂಟರಿಗೆ ಬಂದವರು ಕೇಳೋದು ಒಂದೇ ಮಾತು: "ಸಾರ್, ಹುಡುಗ ಡಿಗ್ರಿ ಸೇರಿದಾನೆ. ಲ್ಯಾಪ್‌ಟಾಪ್ ಬೇಕಂತಾನೆ. ಈ ಒಡವೆ ಇಟ್ರೆ ಎಷ್ಟು ಬರುತ್ತೆ?" ಕೇಳೋರು ಜೀನ್ಸ್ ಹೊಲಿಯೋರು, ಶೇಂಗಾ ಬೆಳೆಯೋರು, ರೇಷ್ಮೆ ಹುಳ ಸಾಕೋರು. ಅವರಿಗೆ ಅದು ಸಣ್ಣ ದುಡ್ಡಲ್ಲ. ಅದಕ್ಕೇ ಈ ವಿಷಯ ಆರಿಸ್ಕೊಂಡೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕಾಲೇಜಿಗೆ ಸೇರಿದ ದಿನವೇ ಎಲ್ಲರಿಗೂ ಸ್ವಂತ ಲ್ಯಾಪ್‌ಟಾಪ್ ಬೇಕಾಗಿಲ್ಲ. ಆದರೆ ಕಂಪ್ಯೂಟರ್ ಮುಂದೆ ಕೂತು ಸ್ವಂತ ಕೈಯಿಂದ ಕೆಲಸ ಮಾಡೋ ಸಮಯ ಪ್ರತಿಯೊಬ್ಬರಿಗೂ ಬೇಕು. ಅದು ಮೊದಲನೇ ವರ್ಷದಿಂದಲೇ ಬೇಕು. ಇವೆರಡನ್ನೂ ಒಂದೇ ಅಂದುಕೊಂಡಾಗ ಎರಡು ಥರ ನಷ್ಟ ಆಗ್ತಿದೆ. ಬೇಡದವರು ಒಡವೆ ಇಟ್ಟು ಕೊಳ್ತಾರೆ. ಕೊಳ್ಳೋಕಾಗದವರು ಕೀಬೋರ್ಡ್ ಮುಟ್ಟದೆ ಡಿಗ್ರಿ ಮುಗಿಸ್ತಾರೆ.

ಕಾಲೇಜು ಏನು ಕೇಳುತ್ತೆ?

"ಫೋನ್ ಇದೆಯಲ್ಲ, ಅದರಲ್ಲೇ ಎಲ್ಲ ಆಗುತ್ತೆ" ಅನ್ನೋರಿದ್ದಾರೆ. ಪಾಠದ ವಿಡಿಯೋ ನೋಡೋಕೆ, ನೋಟ್ಸ್ ಓದೋಕೆ, ಅರ್ಜಿ ಹಾಕೋಕೆ ಫೋನ್ ಸಾಕು. ಆದರೆ ಆಂಧ್ರದಲ್ಲಿ 2020-21ರಿಂದ ಬಂದ ಡಿಗ್ರಿ ಪಠ್ಯಕ್ರಮದಲ್ಲಿ ಸಮುದಾಯ ಸೇವೆಯ ಪ್ರಾಜೆಕ್ಟ್, ಇಂಟರ್ನ್‌ಶಿಪ್ ಎರಡೂ ಸೇರಿ ಹತ್ತು ತಿಂಗಳು ಕಡ್ಡಾಯ ಮಾಡಿದ್ರು. ಊರಲ್ಲಿ ಸರ್ವೆ ಮಾಡಬೇಕು, ಅಂಕಿ-ಅಂಶ ಪಟ್ಟಿ ಮಾಡಬೇಕು, ವರದಿ ಬರೆದು ಕೊಡಬೇಕು. ಅಂಥ ವರದಿಯನ್ನ ಆರಿಂಚಿನ ಫೋನಲ್ಲಿ ಬರೆದು ನೋಡಿ, ಗೊತ್ತಾಗುತ್ತೆ.

ಆಗ ಮಕ್ಕಳು ಏನು ಮಾಡ್ತಾರೆ? ಡಿ.ಟಿ.ಪಿ. ಅಂಗಡಿಗೆ ಹೋಗ್ತಾರೆ. ಪುಟಕ್ಕೆ 20 ರೂಪಾಯಿ ಅಂತ ಇಟ್ಕೊಳ್ಳಿ. 40 ಪುಟಕ್ಕೆ 800 ರೂಪಾಯಿ. ಅಂಥ ಮೂರು ವರದಿ ಮಾಡಿಸಿದ್ರೂ 2,400. ಅದೇ 36,000 ರೂಪಾಯಿಯ ಲ್ಯಾಪ್‌ಟಾಪನ್ನ ಮೂರು ವರ್ಷಕ್ಕೆ ಹಂಚಿದ್ರೆ ತಿಂಗಳಿಗೆ 1,000 ಬೀಳುತ್ತೆ. ಬರೀ ವರದಿ ಸಲುವಾಗಿ ಅಂದ್ರೆ ಅಂಗಡಿಯೇ ಅಗ್ಗ. ಆದರೆ ಒಂದು ಯೋಚನೆ ಮಾಡಿ. ಅಂಗಡಿಯವನು ಟೈಪ್ ಮಾಡಿದ್ರೆ ಮಾರ್ಕ್ಸ್ ನಿಮ್ಮ ಮಗನಿಗೆ ಬರುತ್ತೆ, ಕೆಲಸ ಬರೋದು ಅಂಗಡಿಯವನಿಗೆ.

ಆ ಕೆಲಸ ಬರದಿದ್ರೆ ಏನಾಗುತ್ತೆ ಅನ್ನೋದು ಡಿಗ್ರಿ ಮುಗಿದ ಮೇಲೆ ತಿಳಿಯುತ್ತೆ. ಬ್ಯಾಂಕ್ ಕ್ಲರ್ಕ್ ಪ್ರಿಲಿಮ್ಸ್ ಪರೀಕ್ಷೆಯನ್ನೇ ನೋಡಿ. 60 ನಿಮಿಷ, 100 ಪ್ರಶ್ನೆ, ಪೂರ್ತಿ ಕಂಪ್ಯೂಟರ್ ಮೇಲೆ. ಮೌಸ್ ಹಿಡಿದು ಅಭ್ಯಾಸ ಇಲ್ಲದವರಿಗೆ ಮೊದಲ ಐದು ನಿಮಿಷ ಗಾಬರಿಯಲ್ಲೇ ಹೋಗುತ್ತೆ. ಇದೇ ಮಾತಿಗೆ ಇನ್ನೊಂದು ಸೇರಿಸ್ತೀನಿ, ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. 2021ರಲ್ಲಿ ಆದ ತೀರ್ಮಾನದಂತೆ ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆ 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಯುತ್ತೆ. ಕರ್ನಾಟಕದ ಹುದ್ದೆಗಳಿಗೆ ಅರ್ಜಿ ಹಾಕಿದವರು ಪ್ರಶ್ನೆಗಳನ್ನ ಕನ್ನಡದಲ್ಲೇ ಓದಬಹುದು. ಕನ್ನಡ ಓದೋಕೆ, ಬರೆಯೋಕೆ, ಮಾತಾಡೋಕೆ ಬರೋ ನಮ್ಮ ಮಕ್ಕಳೂ ಅಲ್ಲಿಗೆ ಅರ್ಜಿ ಹಾಕಬಹುದು.

ಯಾರಿಗೆ ಬೇಕು, ಯಾರು ಕಾಯಬಹುದು?

ಇಂಜಿನಿಯರಿಂಗ್, ಬಿ.ಸಿ.ಎ., ಕಂಪ್ಯೂಟರ್ ಇರೋ ಬಿ.ಎಸ್ಸಿ. ಓದೋರಿಗೆ ಸ್ವಂತದ್ದು ಬೇಕು. ಪ್ರೋಗ್ರಾಮ್ ಬರೆಯೋದು ಈಜು ಕಲಿತ ಹಾಗೆ, ವಾರಕ್ಕೆ ಎರಡು ಲ್ಯಾಬ್ ಸಾಕಾಗಲ್ಲ. ಇವರಿಗೂ ಮೊದಲ ದಿನವೇ ಅನ್ನೋ ಅವಸರ ಬೇಡ. ಕಾಲೇಜಲ್ಲಿ ಯಾವ ಸಾಫ್ಟ್‌ವೇರ್ ಕಲಿಸ್ತಾರೆ ಅಂತ ಕೇಳಿಕೊಂಡು ತಗೊಳ್ಳಿ.

ಬಿ.ಕಾಂ. ಮಕ್ಕಳಿಗೆ, ಅದರಲ್ಲೂ ಕಂಪ್ಯೂಟರ್ ಅಪ್ಲಿಕೇಷನ್ಸ್ ತಗೊಂಡವರಿಗೆ, ಎರಡನೇ ವರ್ಷದ ಹೊತ್ತಿಗೆ ಅಗತ್ಯ ಬೀಳುತ್ತೆ. ಎಕ್ಸೆಲ್, ಟ್ಯಾಲಿ ಎರಡೂ ಕೈಗೆ ಕೂರಬೇಕು. ಟ್ಯಾಲಿಯ ಎಜುಕೇಷನಲ್ ಮೋಡ್‌ಗೆ ದುಡ್ಡು ಕೊಡಬೇಕಿಲ್ಲ. ತಿಂಗಳ 1, 2, 31ನೇ ತಾರೀಕಿನ ವೋಚರ್ ಮಾತ್ರ ಹಾಕೋಕೆ ಬಿಡುತ್ತೆ, ಕಲಿಯೋಕೆ ಅಷ್ಟು ಸಾಕು. ವರ್ಡ್, ಎಕ್ಸೆಲ್ ಬದಲಿಗೆ ಲಿಬ್ರೆ ಆಫೀಸ್ ಇದೆ, ಅದೂ ಉಚಿತ.

ಬಿ.ಎ. ಮತ್ತು ಬಾಟನಿ, ಜುವಾಲಜಿ, ಕೆಮಿಸ್ಟ್ರಿಯಂಥ ಬಿ.ಎಸ್ಸಿ. ಮಕ್ಕಳು ಕಾಯಬಹುದು. ಅವರಿಗೆ ವಾರಕ್ಕೆ ನಾಲ್ಕೈದು ಗಂಟೆ ಎಲ್ಲಾದರೂ ಒಂದು ಕಂಪ್ಯೂಟರ್ ಸಿಗಬೇಕು.

ಸ್ವಂತದ್ದಿದ್ರೆ ಓದು ಹೆಚ್ಚುತ್ತಾ?

ಇದನ್ನ ಬೇರೆ ದೇಶಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಮ್ಯುನಿಟಿ ಕಾಲೇಜಿನ 286 ಬಡ ವಿದ್ಯಾರ್ಥಿಗಳನ್ನ ತಗೊಂಡು, ಸುಮಾರು ಅರ್ಧ ಜನಕ್ಕೆ ಮನೆಗೆ ಕಂಪ್ಯೂಟರ್ ಕೊಟ್ಟು, ಉಳಿದವರ ಜೊತೆ ಹೋಲಿಸಿದ್ರು. ಫಲಿತಾಂಶ 2012ರಲ್ಲಿ ಬಂತು. ಲಾಭ ಇತ್ತು, ಆದರೆ ಅದು ಸಣ್ಣದು. ರೊಮೇನಿಯಾ ದೇಶದಲ್ಲಿ ಬಡ ಕುಟುಂಬಗಳಿಗೆ ಕಂಪ್ಯೂಟರ್ ಕೊಳ್ಳೋಕೆ 200 ಯೂರೋ ಸಹಾಯ ಮಾಡಿದ್ರು. ಅಲ್ಲಿ ಶಾಲೆ ಮಕ್ಕಳ ಕಂಪ್ಯೂಟರ್ ಜ್ಞಾನ ಏರಿತು, ಮಾರ್ಕ್ಸ್ ಇಳೀತು. ಯಾಕೆ ಅಂತ ನಾನು ಹೇಳಬೇಕಾ? ಆಟ ಆಡ್ತಾ ಕೂತ್ರು.

ಹಾಗಾಗಿ "ಲ್ಯಾಪ್‌ಟಾಪ್ ಕೊಡಿಸಿದ್ರೆ ಫಸ್ಟ್ ಕ್ಲಾಸ್ ಬರ್ತೀನಿ" ಅನ್ನೋ ಮಾತನ್ನ ಅಷ್ಟಾಗಿ ನಂಬಬೇಡಿ. ಲ್ಯಾಪ್‌ಟಾಪಿಂದ ಕೆಲಸ ಕಲೀಬಹುದು. ಮಾರ್ಕ್ಸಿಗೆ ಓದಲೇಬೇಕು.

ನಮ್ಮ ಮಕ್ಕಳ ಪಾಡೇ ಬೇರೆ

ಹೈದರಾಬಾದ್, ಬೆಂಗಳೂರಿನ ಮಕ್ಕಳಿಗೆ ಹೇಳೋ ಸಲಹೆ ನಮಗೆ ಪೂರ್ತಿ ಹೊಂದಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿರ್ತಾರೆ. ಆಮೇಲೆ ಇಂಟರ್‌ಗೆ ಬಂದ ಕೂಡಲೇ ಪುಸ್ತಕ ಇಂಗ್ಲಿಷಿಗೋ ತೆಲುಗಿಗೋ ತಿರುಗುತ್ತೆ. ಡಿಗ್ರಿಯಲ್ಲಿ 2021-22ರಿಂದ ಇಂಗ್ಲಿಷ್ ಮಾಧ್ಯಮ. ಪಾಠ ಹೊಸ ಭಾಷೆ, ಕಂಪ್ಯೂಟರ್ ಹೊಸ ವಸ್ತು, ಅದರ ಪರದೆಯ ಮೇಲಿನ ಅಕ್ಷರಗಳೂ ಪರಕೀಯ. ಲ್ಯಾಬಲ್ಲಿ ಇಂಥ ಮಗು ಹಿಂದಿನ ಸಾಲಲ್ಲಿ ಕೂತು ಪಕ್ಕದವನು ಮಾಡೋದನ್ನ ನೋಡ್ತಾ ಇರುತ್ತೆ. ಬುದ್ಧಿ ಕಮ್ಮಿ ಅಂತಲ್ಲ. ತಪ್ಪು ಒತ್ತಿದ್ರೆ ನಾಲ್ಕು ಜನ ನಗ್ತಾರೆ ಅನ್ನೋ ಭಯ.

ಉಚಿತ ಯೋಜನೆಗಳೂ ನಮ್ಮ ಪಕ್ಕದಿಂದ ಹಾದು ಹೋಗ್ತವೆ. ತಮಿಳುನಾಡು 2011ರಿಂದಲೇ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿತು. ಕರ್ನಾಟಕ 2020ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಟ್ಟಿತು. ಅದು ಬಳ್ಳಾರಿ ಸರ್ಕಾರಿ ಕಾಲೇಜಿನ ಹುಡುಗನಿಗೆ, ರಾಯದುರ್ಗದ ಕಾಲೇಜಿನ ಹುಡುಗನಿಗಲ್ಲ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗವೂ ಬಳ್ಳಾರಿ ಜಿಲ್ಲೆಯ ತಾಲ್ಲೂಕೇ ಆಗಿತ್ತು ಅಂತ ನೆನಪಿಸಿದ್ರೆ ಯೋಜನೆ ಬದಲಾಗಲ್ಲ. ಆಂಧ್ರದಲ್ಲಿ 2022ರ ಡಿಸೆಂಬರ್‌ನಲ್ಲಿ ಸರ್ಕಾರಿ ಶಾಲೆಗಳ ಎಂಟನೇ ಕ್ಲಾಸ್ ಮಕ್ಕಳಿಗೆ ಟ್ಯಾಬ್ ಹಂಚಿದ್ರು. ಆ ಮಕ್ಕಳು ಡಿಗ್ರಿಗೆ ಬರೋದು 2027ಕ್ಕೆ. ಟ್ಯಾಬಲ್ಲಿ ಪಾಠ ನೋಡಬಹುದು, ಪ್ರಾಜೆಕ್ಟ್ ವರದಿ ಬರೆಯೋದು ಕಷ್ಟ. ಸರ್ಕಾರವನ್ನ ಕೇಳೋಣ, ಬಿಡೋದು ಬೇಡ. ಅಲ್ಲಿಯವರೆಗೆ ಮಕ್ಕಳ ಮೂರು ವರ್ಷ ಕಾಯ್ತಾ ಕೂರಲ್ಲ.

ಲ್ಯಾಪ್‌ಟಾಪ್ ಬಂದ ಮೇಲೂ ನಮ್ಮ ಮಕ್ಕಳು ಮೊದಲು ಮಾಡಬೇಕಾದ ಕೆಲಸ ಒಂದಿದೆ: ಕನ್ನಡ ಹಾಕ್ಕೊಳ್ಳೋದು. ವಿಂಡೋಸ್‌ನಲ್ಲಿ ಭಾಷೆ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಕೀಬೋರ್ಡ್ ಸೇರಿಸಿದ್ರೆ ಆಯ್ತು, ಬೇರೆ ದುಡ್ಡಿಲ್ಲ. ಹಳೇ ಕಾಲದ ಫಾಂಟಲ್ಲಿ ಟೈಪ್ ಮಾಡಬೇಡಿ, ಬೇರೆ ಕಂಪ್ಯೂಟರಲ್ಲಿ ತೆಗೆದ್ರೆ ಗೀಚಿದ ಹಾಗೆ ಕಾಣುತ್ತೆ. ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ಪ್ರಾಜೆಕ್ಟಿನ ವಿಷಯವನ್ನ ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷ್ ಮಾಡಿ. ಯೋಚನೆ ಕನ್ನಡದಲ್ಲಿ ಸರಿಯಾಗಿ ಕೂತ್ರೆ ಇಂಗ್ಲಿಷ್ ವಾಕ್ಯ ತಾನಾಗೇ ಸಣ್ಣದಾಗಿ, ಸ್ಪಷ್ಟವಾಗಿ ಬರುತ್ತೆ.

ದುಡ್ಡಿನ ಮಾತು

ಇದು ನನ್ನ ಕಸುಬು, ಸ್ವಲ್ಪ ವಿವರವಾಗಿ ಹೇಳ್ತೀನಿ.

ಅಂಗಡಿಯಲ್ಲಿ "ಶೇಕಡಾ 12 ಫ್ಲಾಟ್ ಬಡ್ಡಿ, ಬರೀ ರೂಪಾಯಿ ಬಡ್ಡಿ ಅಣ್ಣ" ಅಂತಾರೆ. 36,000ಕ್ಕೆ ಒಂದು ವರ್ಷದ ಬಡ್ಡಿ 4,320. ತಿಂಗಳಿಗೆ 3,360ರಂತೆ 12 ಕಂತು. ಆದರೆ ನೀವು ಪ್ರತಿ ತಿಂಗಳೂ ಅಸಲು ಕಟ್ತಾ ಇರ್ತೀರಿ, ಬಡ್ಡಿ ಮಾತ್ರ ಕೊನೇವರೆಗೂ ಪೂರ್ತಿ 36,000ದ ಮೇಲೇ ಲೆಕ್ಕ. ಇಳಿಯೋ ಅಸಲಿನ ಮೇಲೆ ಲೆಕ್ಕ ಹಾಕಿದ್ರೆ ಅದು ಶೇಕಡಾ 21 ದಾಟುತ್ತೆ. ಅಂದ್ರೆ ಒಂದೂಮುಕ್ಕಾಲು ರೂಪಾಯಿ ಬಡ್ಡಿ.

"ಜೀರೋ ಬಡ್ಡಿ" ಅಂತಾನೂ ಬೋರ್ಡ್ ಇರುತ್ತೆ. ಬಡ್ಡಿ ಇಲ್ಲದ ಸಾಲ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಬಡ್ಡಿ ಬೆಲೆಯಲ್ಲೋ ಪ್ರೊಸೆಸಿಂಗ್ ಫೀಯಲ್ಲೋ ಸೇರಿರುತ್ತೆ. ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿ: "ಪೂರ್ತಿ ದುಡ್ಡು ಈಗಲೇ ಕೊಟ್ರೆ ಎಷ್ಟಕ್ಕೆ ಕೊಡ್ತೀರಿ?" ಎರಡು ಬೆಲೆಗಳ ವ್ಯತ್ಯಾಸವೇ ನಿಮ್ಮ ಬಡ್ಡಿ. ಕಂತು ತಪ್ಪಿದ್ರೆ ದಂಡ ಬೇರೆ, ಸಿಬಿಲ್ ಸ್ಕೋರ್ ಬೇರೆ ಕೆಡುತ್ತೆ. ಆಮೇಲೆ ಮಗಳ ಓದಿಗೆ ಸಾಲ ಕೇಳೋಕೆ ಬಂದಾಗ ಆ ಹಳೇ ಕಂತು ಎದುರಿಗೆ ನಿಲ್ಲುತ್ತೆ.

ಎಜುಕೇಷನ್ ಲೋನ್ ತಗೊಳ್ಳೋರಿದ್ರೆ ಇದು ಕೇಳಿಸ್ಕೊಳ್ಳಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೋರ್ಸ್ ಮುಗಿಸೋಕೆ ಅಗತ್ಯ ಇದ್ದರೆ ಕಂಪ್ಯೂಟರಿನ ಖರ್ಚನ್ನೂ ಸೇರಿಸೋಕೆ ಅವಕಾಶ ಇದೆ. ಬರೀ ಫೀಸ್, ಹಾಸ್ಟೆಲ್ ಬರೆದು ಅರ್ಜಿ ಕೊಟ್ಟು, ಲ್ಯಾಪ್‌ಟಾಪಿಗೆ ಬೇರೆ ಕಡೆ ದುಬಾರಿ ಸಾಲ ಮಾಡೋರು ಬಹಳ ಜನ. ಅರ್ಜಿ ಹಾಕುವಾಗಲೇ ಲ್ಯಾಪ್‌ಟಾಪಿನ ಕೊಟೇಷನ್ ಇಟ್ಟು ಕೇಳಿ.

ಸಾಲವೇ ಬೇಡ ಅನ್ನೋರಿಗೆ ಹಳೇ ದಾರಿ ಇದೆ: ಆರ್.ಡಿ. ಕಾಲೇಜು ಸೇರಿದ ತಿಂಗಳಿಂದ 2,000ದಂತೆ ಕಟ್ಟಿ. 18 ತಿಂಗಳಿಗೆ 36,000, ಮೇಲೆ ಬಡ್ಡಿ. ಎರಡನೇ ವರ್ಷದ ನಡುವೆ, ನಿಜವಾಗಿ ಬೇಕಾಗೋ ಹೊತ್ತಿಗೆ, ಒಡವೆ ಬೀರುವಲ್ಲೇ ಇರುತ್ತೆ, ದುಡ್ಡು ಕೈಲಿರುತ್ತೆ.

ಕೊಳ್ಳುವಾಗ 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಎರಡೂ ಇರಲಿ, ಅದಕ್ಕಿಂತ ಕಮ್ಮಿ ಬೇಡ. ಸೆಕೆಂಡ್ ಹ್ಯಾಂಡ್ ಆದ್ರೂ ತಪ್ಪಿಲ್ಲ, ಆಫೀಸುಗಳಲ್ಲಿ ಬಳಸಿ ಮಾರಿದ ಗಟ್ಟಿ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗ್ತವೆ. ಬಿಲ್, ವಾರಂಟಿ ಇಲ್ಲದೆ ಮಾತ್ರ ತರಬೇಡಿ. ರಿಪೇರಿ ಬಳ್ಳಾರಿಯಲ್ಲೋ ಅನಂತಪುರದಲ್ಲೋ ಹಿಂದೂಪುರದಲ್ಲೋ ಆಗುತ್ತಾ ಅಂತ ಕೇಳ್ಕೊಳ್ಳಿ.

ಹೆಣ್ಣುಮಕ್ಕಳ ವಿಷಯ

ತಾಯಂದಿರು, ಅಪ್ಪಂದಿರು ಇಬ್ಬರೂ ಕೇಳಿ. ಮೇಲೆ "ಕಾಯಬಹುದು, ಹಂಚಿಕೊಳ್ಳಬಹುದು" ಅಂತ ಹೇಳಿದೆ. ಗಂಡು ಹುಡುಗ ಸಂಜೆ ಏಳರವರೆಗೆ ನೆಟ್ ಸೆಂಟರಲ್ಲಿ ಕೂರ್ತಾನೆ, ಗೆಳೆಯನ ರೂಮಿಗೆ ಹೋಗಿ ಅವನ ಲ್ಯಾಪ್‌ಟಾಪಲ್ಲಿ ಕೆಲಸ ಮುಗಿಸ್ತಾನೆ. ಅಗಳಿ, ರೊಳ್ಳ, ಗುಡಿಬಂಡೆ, ಡಿ. ಹಿರೇಹಾಳ್, ಕಣೇಕಲ್ ಕಡೆಯಿಂದ ಬಸ್ಸಲ್ಲಿ ಬರೋ ಹುಡುಗಿ ನಾಲ್ಕೂವರೆ ಬಸ್ ಹಿಡೀಬೇಕು. ಅವಳಿಗೆ ಹಂಚಿಕೊಳ್ಳೋ ಕಂಪ್ಯೂಟರ್ ಅನ್ನೋದು ಮಾತಲ್ಲಿ ಮಾತ್ರ ಇರುತ್ತೆ.

ಹಾಗಿದ್ದೂ ಮನೆಗೆ ಒಂದೇ ಲ್ಯಾಪ್‌ಟಾಪ್ ಬಂದ್ರೆ ಅದು ಅಣ್ಣನ ಹೆಸರಲ್ಲಿ ಬರುತ್ತೆ. "ನಿಂಗೇನು, ಇನ್ನೆರಡು ವರ್ಷಕ್ಕೆ ಮದುವೆ" ಅಂತಾರೆ. ನನ್ನ ಲೆಕ್ಕದಲ್ಲಿ ಒಂದೇ ಕೋರ್ಸ್ ಓದೋ ಅಣ್ಣ-ತಂಗಿ ಇದ್ರೆ ಸ್ವಂತ ಲ್ಯಾಪ್‌ಟಾಪಿನ ಅಗತ್ಯ ತಂಗಿಗೇ ಜಾಸ್ತಿ, ಯಾಕಂದ್ರೆ ಹೊರಗೆ ಅವಳಿಗೆ ದಾರಿಗಳು ಕಮ್ಮಿ. ಒಂದೇ ತರೋದಾದ್ರೆ ಇಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್, ಬೇರೆ ಬೇರೆ ಸಮಯ ಮನೆಯಲ್ಲೇ ಗೊತ್ತು ಮಾಡಿ. ಗೋಡೆ ಮೇಲೆ ಬರೆದು ಅಂಟಿಸಿ.

ನಾವು ಸೇರಿ ಮಾಡಬಹುದಾದ್ದು

ಕೊನೆಯದಾಗಿ ಒಂದು ಪ್ರಸ್ತಾಪ. ರಾಯದುರ್ಗಕ್ಕೆ ಐದು, ಮಡಕಶಿರಾಕ್ಕೆ ಐದು ಕಂಪ್ಯೂಟರ್. ಸೆಕೆಂಡ್ ಹ್ಯಾಂಡ್ ಒಂದಕ್ಕೆ 15,000 ಅಂದ್ರೂ ಹತ್ತಕ್ಕೆ ಒಂದೂವರೆ ಲಕ್ಷ. ನಮ್ಮೂರಿಂದ ಹೋಗಿ ಬೆಂಗಳೂರಲ್ಲಿ ಕೆಲಸ ಮಾಡೋರು ನೂರಾರು ಜನ ಇದ್ದಾರೆ. 30 ಜನ ತಲಾ 5,000 ಕೊಟ್ರೆ ಮುಗೀತು. ಹಳೇ ಲ್ಯಾಪ್‌ಟಾಪ್ ಮೂಲೆಯಲ್ಲಿಟ್ಟಿರೋರು ಅದನ್ನೇ ಕೊಡಲಿ. ಜಾಗಕ್ಕೆ ಒಂದು ಕನ್ನಡ ಶಾಲೆಯ ಕೋಣೆಯೋ ಸಮುದಾಯ ಭವನವೋ ಕೇಳೋಣ. ಭಾನುವಾರ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ತೆಗೆದಿಟ್ರೂ ಸಾಕು, ಹಗಲು ಹೊತ್ತಾದ್ದರಿಂದ ಹಳ್ಳಿಯ ಹೆಣ್ಣುಮಕ್ಕಳೂ ಬಂದು ಹೋಗಬಹುದು. ಟೈಪಿಂಗ್, ಎಕ್ಸೆಲ್, ಕನ್ನಡ ಯೂನಿಕೋಡ್, ಆನ್‌ಲೈನ್ ಪರೀಕ್ಷೆಯ ಅಭ್ಯಾಸ, ಈ ನಾಲ್ಕನ್ನ ಕನ್ನಡದಲ್ಲಿ ವಿವರಿಸಿ ಕಲಿಸೋಣ. ಎಕ್ಸೆಲ್ ಮತ್ತು ಬ್ಯಾಂಕ್ ಪರೀಕ್ಷೆಯ ಪಾಠಕ್ಕೆ ತಿಂಗಳಿಗೆ ಎರಡು ಭಾನುವಾರ ನಾನು ಬರ್ತೀನಿ.

ಇವತ್ತು ಮನೆಗೆ ಹೋದ ಮೇಲೆ ಮಕ್ಕಳ ಹತ್ರ ಕೂತು ಮೂರು ಪ್ರಶ್ನೆ ಕೇಳಿ. ಲ್ಯಾಪ್‌ಟಾಪಲ್ಲಿ ಯಾವ ಕೆಲಸ ಮಾಡ್ತೀಯ? ಆ ಕೆಲಸ ಯಾವ ಸೆಮಿಸ್ಟರ್‌ಗೆ ಬರುತ್ತೆ? ಅಲ್ಲಿಯವರೆಗೆ ಎಲ್ಲಿ ಕಲೀತೀಯ? ಮೂರಕ್ಕೂ ಸರಿಯಾದ ಉತ್ತರ ಬಂದ್ರೆ ಧೈರ್ಯವಾಗಿ ಕೊಡಿಸಿ. ಬರದಿದ್ರೆ ಆರ್.ಡಿ. ಶುರು ಮಾಡಿ, ಮಗುವನ್ನ ಭಾನುವಾರ ನಮ್ಮ ಹತ್ರ ಕಳಿಸಿ.

ಕಂಪ್ಯೂಟರ್ ಕೊಡೋರು, ಜಾಗ ಕೊಡೋರು, ಕಲಿಸೋಕೆ ಬರೋರು ಈ ಪೇಜಿಗೆ ಮೆಸೇಜ್ ಮಾಡಿ.