ಬಿಪಿ ಬರೆದರೆ ಸಾಕಾ?

ಇವತ್ತು ನರ್ಸಿಂಗ್ ವಿದ್ಯಾರ್ಥಿಗಳ ವಾರ್ಡ್ ಡ್ಯೂಟಿ ಬಗ್ಗೆ ಮಾತಾಡೋಣ.

ನನ್ನ ಚಿಕ್ಕಮ್ಮನ ಮಗಳು ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷ. 'ಇವತ್ತು ಏನು ಕಲಿತೆ?' ಅಂದೆ. 'ಏನಿಲ್ಲ ಅಣ್ಣ, ಇಡೀ ವಾರ್ಡಿನ ಬಿಪಿ ನೋಡಿದೆ' ಅಂದಳು. ಆಪರೇಷನ್ ಆಗಿದ್ದ ಒಬ್ಬರ ಬಿಪಿ 130ರಿಂದ 90ಕ್ಕೆ ಇಳಿದಿತ್ತಂತೆ. ಇವಳು ಚಾರ್ಟ್‌ನಲ್ಲಿ ಬರೆದು ಪಕ್ಕದ ಬೆಡ್‌ಗೆ ಹೋದಳು. ಒಳಗೆ ರಕ್ತಸ್ರಾವ ಆಗ್ತಿರಬಹುದು, ತಕ್ಷಣ ಸ್ಟಾಫ್ ನರ್ಸ್‌ಗೆ ಹೇಳಬೇಕು ಅಂತ ಗೊತ್ತಾಗಿದ್ದು ಸಂಜೆ ಪುಸ್ತಕ ತೆಗೆದಾಗ. ಪುಣ್ಯಕ್ಕೆ, ಬೇರೆ ನರ್ಸ್ ಗಮನಿಸಿದ್ದರು.

ನಾನು ಬಿಕಾಂ ಓದಿದವನು. ಲೆಡ್ಜರ್‌ನಲ್ಲಿ ತಪ್ಪಾದರೆ ಮರುದಿನ ತಿದ್ದಬಹುದು. ವಾರ್ಡಿನಲ್ಲಿ ಆಗಲ್ಲ.

ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಅಂತ ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ ಇದೆ. ಬೆಡ್ ಲೆಕ್ಕ ಸರಿ, ಪಕ್ಕದಲ್ಲಿ ನಿಂತು ಹೇಳಿಕೊಡೋರು ಯಾರು? ವಾರ್ಡಿನ ಸಿಸ್ಟರ್‌ಗೆ ಅವರ ಕೆಲಸವೇ ಮುಗಿಯಲ್ಲ. ಹೇಳಿಕೊಡೋದಕ್ಕೂ ಅವರಿಗೆ ಸಮಯ ಕೊಡಬೇಕು. ಡ್ಯೂಟಿ ಮುಗಿದ ಮೇಲೆ ಹತ್ತು ನಿಮಿಷ ಕೂತು 'ಏನು ನೋಡಿದೆ, ಯಾಕೆ ಹಾಗಾಯ್ತು?' ಅಂತ ಮಾತಾಡಿದರೂ ಎಷ್ಟೋ ಆಯ್ತು.

ನೀವು ನರ್ಸಿಂಗ್ ಓದ್ತಿದ್ರೆ ನಾಳೆ ಸಿಸ್ಟರ್‌ನ ಕೇಳಿ: 'ಬಿಪಿ ಎಷ್ಟಾದ್ರೆ ನಾನು ನಿಮ್ಮನ್ನ ಕರೀಬೇಕು?' ಮುಂದಿನ ವಾರ ಸಿಗೋಣ.