ನೋಡಬೇಕಾದದ್ದು ಹಿತ್ತಲನ್ನು



ರಜೆಯ ದಿನ ಪೇಟೆಯವರು ಮಲೆನಾಡಿನ ಒಂಟಿಮನೆಗಳ ಅಂಗಳಕ್ಕೆ ಬಂದು ನಾಟಿ ಮೊಟ್ಟೆಯನ್ನೋ ಹುಂಜವನ್ನೋ ಕೇಳುವುದು ಈಗ ಅಪರೂಪವಲ್ಲ. ಬಂದವರು ಮೊದಲು ಪರೀಕ್ಷಿಸುವುದು ಮೊಟ್ಟೆಯ ಬಣ್ಣವನ್ನು. ಆ ಅಳತೆ ಸರಿಯಲ್ಲ. ಸಿಪ್ಪೆ ಕಂದಾಗುವುದೂ ಬಿಳಿಯಾಗುವುದೂ ತಳಿಯ ಗುಣದಿಂದ, ಮೇವಿನಿಂದಲ್ಲ. ಎ-4 ಹಾಳೆಗಿಂತ ಕಿರಿದಾದ ಪಂಜರದ ಜಾಗದಲ್ಲಿ ಆಯುಷ್ಯ ಕಳೆಯುವ ಕೋಳಿಯೂ ಕಂದು ಮೊಟ್ಟೆಯನ್ನಿಡಬಲ್ಲದು. ಹಸಿರು ಸೊಪ್ಪನ್ನು ತಿಂದ ಕೋಳಿಯ ಮೊಟ್ಟೆಯೊಳಗಿನ ಹಳದಿ ಗಾಢವಾಗುವುದು ನಿಜ. ಆದರೆ ಮುಸುಕಿನ ಜೋಳವೂ ಅದೇ ಬಣ್ಣವನ್ನು ಕೊಡುತ್ತದೆ. ಆದುದರಿಂದ ಕೊಳ್ಳುವವರು ಹಿತ್ತಲನ್ನೇ ನೋಡಬೇಕು.

ಅಲ್ಲಿ ಗೊಬ್ಬರದ ಗುಂಡಿಯನ್ನು ಕೆದರಿ ಹುಳು ಹೆಕ್ಕುವ ಹೇಟೆ ಕಂಡರೆ ಅದರ ಲೆಕ್ಕವನ್ನೂ ತಿಳಿಯಬೇಕು. ಅದು ಹತ್ತು ಹದಿನೈದು ಮೊಟ್ಟೆಗಳನ್ನಿಟ್ಟು ಕಾವಿಗೆ ಕೂರುತ್ತದೆ. ಕಾವು 21 ದಿನ. ಅನಂತರ ಮರಿಗಳ ಪಾಲನೆ ಎರಡು ತಿಂಗಳಿಗೂ ಹೆಚ್ಚು. ಹೀಗೆ ವರ್ಷಕ್ಕೆ ಸಿಗುವುದು ಸುಮಾರು 50-60 ಮೊಟ್ಟೆ. ಪಂಜರದ ಕೋಳಿ ಇಡುವುದು 300ರಷ್ಟು. ಬ್ರಾಯ್ಲರ್ ಕೋಳಿ ಆರು ವಾರದೊಳಗೆ ಎರಡು ಕಿಲೋ ತೂಗುತ್ತದೆ. ನಾಟಿ ಹುಂಜಕ್ಕೆ ಆರು ತಿಂಗಳೂ ಸಾಲದು. ನಡುವೆ ಗಿಡುಗ, ಮುಂಗುಸಿ, ಕಾಡುಬೆಕ್ಕುಗಳ ಪಾಲು ಬೇರೆ. ಅಂಗಡಿಯ ದರ ಹೇಳಿ ಚೌಕಾಸಿಗಿಳಿಯುವವರು ಇದಾವುದನ್ನೂ ಎಣಿಸಿರುವುದಿಲ್ಲ. ಕೋಳಿಯ ಹಣವೆಂದರೆ ಅನೇಕ ಮನೆಗಳಲ್ಲಿ ಹೆಂಗಸರು ಯಾರನ್ನೂ ಕೇಳದೆ ಖರ್ಚು ಮಾಡಬಲ್ಲ ಏಕೈಕ ಹಣ.

ಮಾರುವವರಿಗೂ ಒಂದು ಕರ್ತವ್ಯವಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ಹಿತ್ತಲಿಗೆ ಒಗ್ಗುವ ಒಳ್ಳೆಯ ಕೋಳಿ. ಅದನ್ನು ಗಿರಿರಾಜವೆಂದೇ ಮಾರಲಿ. ಕೊಟ್ಟ ಔಷಧವನ್ನೂ ಮರೆಮಾಚಬಾರದು. ಆಹಾರಕ್ಕಾಗಿ ಸಾಕುವ ಪ್ರಾಣಿಪಕ್ಷಿಗಳಿಗೆ ಕೊಲಿಸ್ಟಿನ್ ಎಂಬ ಪ್ರತಿಜೈವಿಕವನ್ನು ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿಯೇ ನಿಷೇಧಿಸಿದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯ, ಕೊಕ್ಕರೆ ರೋಗ. ಇದು ಹೊಕ್ಕ ಒಡ್ಡಿ ವಾರದೊಳಗೆ ಬರಿದಾಗಬಹುದು. ಲಸಿಕೆ ಇದೆ, ತೊಡಕಿರುವುದು ಸೀಸೆಯಲ್ಲಿ. ಒಂದು ಸೀಸೆ ನೂರಾರು ಕೋಳಿಗಳಿಗಾಗುವಷ್ಟಿರುತ್ತದೆ, ತಂಪಿನಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಹತ್ತು ಕೋಳಿಗಳ ಮನೆಯೊಂದು ಅದನ್ನು ತರಿಸಿ ಏನು ಮಾಡೀತು? ಆದ್ದರಿಂದ ಕೇರಿಯ ಮನೆಗಳೆಲ್ಲ ಒಂದೇ ದಿನ ಗೊತ್ತುಮಾಡಿಕೊಂಡು ಪಶುವೈದ್ಯರನ್ನು ಕರೆಸಬೇಕು. ಕೋಳಿಗಳು ಒಡ್ಡಿಯಲ್ಲೇ ಇರುವ ನಸುಕು ಇದಕ್ಕೆ ತಕ್ಕ ಹೊತ್ತು.

ಈ ರೋಗ ಗಿರಾಕಿಯ ಚಪ್ಪಲಿಯಲ್ಲಿ, ಮನೆಯಿಂದ ಮನೆಗೆ ಹೊತ್ತೊಯ್ಯುವ ಬುಟ್ಟಿಯಲ್ಲಿ ಕೂಡ ಬರುತ್ತದೆ. ಹಿತ್ತಲನ್ನು ನೋಡಲೆಂದು ಬಂದವರಿಗೆ ಅದನ್ನು ಬೇಲಿಯಾಚೆಯಿಂದ ತೋರಿಸಿದರೆ ಸಾಕು. ಹುಂಜವನ್ನು ಮನೆಯವರೇ ಹಿಡಿದು ಅಂಗಳಕ್ಕೆ ತಂದುಕೊಡಲಿ. ಬುಟ್ಟಿ ದಣಪೆಯ ಹೊರಗೇ ಇರಲಿ.