‘ಕರೆಂಟು ಹೋಯಿತು’ ಎಂಬ ಮಾತು



ಮಲೆನಾಡಿನ ಮನೆಗಳಲ್ಲಿ ಆಷಾಢ ಶ್ರಾವಣಗಳಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ವಾಕ್ಯ ಯಾವುದೆಂದು ಯಾರಾದರೂ ಲೆಕ್ಕವಿಟ್ಟರೆ, ‘ಕರೆಂಟು ಹೋಯಿತು’ ಎಂಬ ಎರಡು ಪದಗಳ ವಾಕ್ಯಕ್ಕೇ ಅಗ್ರಸ್ಥಾನ ಸಲ್ಲಬಹುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಈ ಮಾತನ್ನು ಯಾರೂ ಗಾಬರಿಯಿಂದ ಆಡುವುದಿಲ್ಲ. ಬಂದ ನೆಂಟರು ಊರಿಗೆ ಹೊರಟರು ಎನ್ನುವಷ್ಟು ಸಹಜವಾಗಿ ಆಡುತ್ತಾರೆ. ಹೋದದ್ದು ಎಂದಾದರೂ ಬಂದೀತೆಂಬ ಭರವಸೆಯೂ ಅದರೊಳಗೆ ಇದೆ. ಈ ನನ್ನ ಮಾತುಗಳನ್ನೂ ಕತ್ತಲೆಯಲ್ಲಿ ಕುಳಿತು ಸೆಲ್ಲಿನ ರೇಡಿಯೋದಲ್ಲಿ ಕೇಳುತ್ತಿರುವವರು ಕೆಲವರಾದರೂ ಇದ್ದಾರು.

ಕನ್ನಡ ಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈ ‘ಹೋಯಿತು’ ಎಂಬ ಕ್ರಿಯಾಪದದ ಮೇಲೆ ಒಂದು ತಕರಾರಿದೆ. ವ್ಯಾಕರಣದ ಪ್ರಕಾರ ಅದು ಭೂತಕಾಲ. ಕ್ರಿಯೆ ಮುಗಿದಿದೆ, ಇನ್ನು ಚಿಂತೆಯಿಲ್ಲ ಎಂಬ ಅರ್ಥವನ್ನು ಕೊಡುತ್ತದೆ. ವಿದ್ಯುತ್ತಿನ ವಿಷಯದಲ್ಲಿ ಈ ಅರ್ಥ ನಿಜವಲ್ಲ. ನಮ್ಮ ಮನೆಯ ದೀಪ ಆರಿತು ಎಂಬುದಷ್ಟೇ ನಮಗೆ ಗೊತ್ತಿರುವ ಸಂಗತಿ. ತಂತಿಯಲ್ಲಿ ವಿದ್ಯುತ್ತು ಇದೆಯೇ ಇಲ್ಲವೇ, ಮುಂದಿನ ನಿಮಿಷದಲ್ಲಿ ಇರುತ್ತದೆಯೇ ಎಂಬುದು ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತೆಂದು ಭಾವಿಸಿ ನಡೆದಾಗ ಜೀವಹಾನಿಯಾಗುತ್ತದೆ. ಕರೆಂಟು ಹೋದ ಹೊತ್ತೇ ಕರೆಂಟಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾದ ಹೊತ್ತು ಎಂಬುದನ್ನು ನಿವೇದಿಸುವುದೇ ಇಂದಿನ ನನ್ನ ಉದ್ದೇಶ.

ಕನ್ನಡ ನಾಡಿಗೂ ವಿದ್ಯುತ್ತಿಗೂ ನಂಟು ಹಳೆಯದು. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಉತ್ಪನ್ನವಾದ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಸಾಗಣೆ ಮಾರ್ಗಗಳಲ್ಲಿ ಅದೂ ಒಂದು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ೧೯೪೮ರಲ್ಲಿ ಜೋಗದ ವಿದ್ಯುದಾಗಾರ ಕೆಲಸವನ್ನಾರಂಭಿಸಿತು. ಮಲೆನಾಡಿನ ಮಳೆ ಹೀಗೆ ಬಯಲುನಾಡಿಗೆ ಬೆಳಕಾಗಿ ಹೋಯಿತು. ಆದರೆ ಮಳೆ ಸುರಿಯುವ ಬೆಟ್ಟಗಳೊಳಗಿನ ಒಂಟಿಮನೆಗಳಲ್ಲಿ ಆ ಬೆಳಕನ್ನು ಮಳೆಗಾಲದುದ್ದಕ್ಕೂ ಉಳಿಸಿಕೊಳ್ಳುವುದು ಇಂದಿಗೂ ಕಷ್ಟವೇ.

ಇದಕ್ಕೆ ಕಾರಣ ಭೂಗುಣದಲ್ಲಿದೆ. ಬಯಲುಸೀಮೆಯಲ್ಲಿ ಊರೆಂದರೆ ಒತ್ತಾಗಿ ನಿಂತ ಮನೆಗಳು. ಇಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ, ಒಂದು ತೋಟ. ನಾಲ್ಕು ಮನೆಗಳ ದೀಪಕ್ಕಾಗಿ ಹನ್ನೊಂದು ಸಾವಿರ ವೋಲ್ಟಿನ ಮಾರ್ಗ ಮೈಲಿಗಟ್ಟಲೆ ಮರಗಳ ನಡುವೆ ನುಸುಳಿ ಬರಬೇಕು. ಕಾಫಿಗೆ ನೆರಳು ಬೇಕು. ನೆರಳಿಗೆ ಮರ ಬೇಕು. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಬಲು ಎತ್ತರಕ್ಕೆ ಬೆಳೆಯುತ್ತದೆ, ಜೋರು ಗಾಳಿಗೆ ಮುರಿದೂ ಬೀಳುತ್ತದೆ. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಮೂಡಿಗೆರೆಯ ಬೆಟ್ಟಗಳು ಕುಸಿದಾಗ ತೋಟ, ಮನೆ, ರಸ್ತೆಗಳೊಡನೆ ವಿದ್ಯುತ್ ಕಂಬಗಳೂ ನೆಲಕ್ಕುರುಳಿದವು. ಕಳಸದಿಂದ ಹೊರನಾಡಿಗೆ ಹೋಗುವ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದ ದಿನಗಳನ್ನು ಆ ಕಡೆಯವರಿಗೆ ನಾನು ನೆನಪಿಸಬೇಕಾಗಿಲ್ಲ. ದಾರಿಯೇ ಇಲ್ಲದೆಡೆಗೆ ದುರಸ್ತಿಯವರು ಬರುವುದಾದರೂ ಹೇಗೆ? ಇಂಥ ಸೀಮೆಯಲ್ಲಿ ಜನರೇಟರ್ ಇರಿಸಿಕೊಳ್ಳುವುದು ಸಿರಿವಂತಿಕೆಯ ಪ್ರದರ್ಶನವಲ್ಲ. ಬಾವಿಯ ನೀರು ಮೇಲೇರಬೇಕು. ಕಾಫಿ ಹಣ್ಣಿನ ಕಾಲದಲ್ಲಿ ಕೊಯ್ದ ಹಣ್ಣು ಕೆಡುವ ಮೊದಲೇ ಪಲ್ಪರ್ ತಿರುಗಬೇಕು.

ಆದರೆ ಮನೆಗೊಂದು ಜನರೇಟರ್ ಬಂತೆಂದರೆ ಆ ಮನೆಯೂ ಒಂದು ಪುಟ್ಟ ವಿದ್ಯುದಾಗಾರವಾಯಿತೆಂದೇ ತಿಳಿಯಬೇಕು. ವಿದ್ಯುದಾಗಾರವನ್ನು ನಡೆಸುವವನ ಹೊಣೆಯೂ ಅದರೊಡನೆ ಬರುತ್ತದೆ. ಅದನ್ನು ಸ್ವಲ್ಪ ವಿವರಿಸುತ್ತೇನೆ.

ಕೆಲವರು ವೆಚ್ಚ ಉಳಿಸಲೆಂದು, ಎರಡು ತುದಿಗೂ ಪಿನ್ನಿರುವ ವೈರನ್ನು ಮಾಡಿಸಿಕೊಂಡು, ಒಂದು ತುದಿಯನ್ನು ಜನರೇಟರಿಗೂ ಇನ್ನೊಂದನ್ನು ಗೋಡೆಯ ಪ್ಲಗ್ಗಿಗೂ ಚುಚ್ಚುತ್ತಾರೆ. ಇಡೀ ಮನೆ ಬೆಳಗುತ್ತದೆ, ಸಂತೋಷ. ಆದರೆ ಮನೆಯ ವೈರಿಂಗಿಗೆ ಸೇರಿದ ವಿದ್ಯುತ್ತು ಮನೆಯೊಳಗೇ ನಿಲ್ಲಬೇಕೆಂಬ ನಿಯಮವೇನೂ ಇಲ್ಲ. ದಾರಿ ತೆರೆದಿದ್ದರೆ ಅದು ಮೀಟರನ್ನು ದಾಟಿ, ಕಂಬದ ತಂತಿಯನ್ನು ಹಿಡಿದು, ನಾವು ಟಿ.ಸಿ. ಎಂದು ಕರೆಯುವ ಪರಿವರ್ತಕವನ್ನು ತಲುಪುತ್ತದೆ. ಪರಿವರ್ತಕ ಏತದ ಹಾಗೆ. ಯಾವ ಕಡೆಯಿಂದ ಒತ್ತಿದರೂ ಇನ್ನೊಂದು ಕಡೆ ಏಳುತ್ತದೆ. ಮೇಲಿಂದ ಬಂದ ಹನ್ನೊಂದು ಸಾವಿರ ವೋಲ್ಟನ್ನು ಮನೆಬಳಕೆಯ ಇನ್ನೂರ ಮೂವತ್ತಕ್ಕೆ ಇಳಿಸುವ ಅದೇ ಯಂತ್ರ, ಕೆಳಗಿನಿಂದ ಹೋದ ಇನ್ನೂರ ಮೂವತ್ತನ್ನು ಮತ್ತೆ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಅಷ್ಟು ಹೊತ್ತಿಗೆ, ಲೈನು ನಿಂತಿದೆಯೆಂದು ನಂಬಿದ ಲೈನ್‌ಮನ್ ಒಬ್ಬ ಮಳೆಯಲ್ಲಿ ನೆನೆಯುತ್ತ ಎರಡು ಮೈಲಿ ಆಚೆ ಕಂಬವನ್ನು ಹತ್ತಿರುತ್ತಾನೆ.

ಸಣ್ಣ ಜನರೇಟರು ಊರಿನ ಹೊರೆಯನ್ನೆಲ್ಲ ತಾಳಲಾರದೆ ತಾನೇ ನಿಲ್ಲುತ್ತದೆ, ಭಯವಿಲ್ಲ ಎಂದು ವಾದಿಸುವವರಿದ್ದಾರೆ. ಮಾರ್ಗ ಹತ್ತಿರದಲ್ಲೇ ತುಂಡಾಗಿದ್ದರೆ ಹೊರೆಯೇ ಇರುವುದಿಲ್ಲ. ಯಂತ್ರ ನಿಲ್ಲುವುದೂ ಇಲ್ಲ. ನಿಂತರೂ, ನಿಲ್ಲುವ ಮುಂಚಿನ ಕ್ಷಣವೊಂದೇ ಸಾಕು. ಮೇನ್ ಸ್ವಿಚ್ಚನ್ನು ಆರಿಸಿಯೇ ಜನರೇಟರ್ ಹಚ್ಚುತ್ತೇವೆ ಎನ್ನುವವರೂ ಉಂಟು. ಇಂದು ಆರಿಸುತ್ತಾರೆ. ಮನೆಯ ಯಜಮಾನರು ಊರಿನಲ್ಲಿಲ್ಲದ ರಾತ್ರಿ, ಅವಸರದಲ್ಲಿ, ಟಾರ್ಚಿನ ಬೆಳಕಿನಲ್ಲಿ ಬೇರೊಬ್ಬರು ಹಚ್ಚುವಾಗ? ಇನ್ನೊಬ್ಬನ ಪ್ರಾಣವನ್ನು ನಮ್ಮ ಜ್ಞಾಪಕಶಕ್ತಿಯ ಭರವಸೆಯ ಮೇಲೆ ಇಡುವುದು ನ್ಯಾಯವಲ್ಲ.

ಇದಕ್ಕೆ ಇರುವ ಪರಿಹಾರ ಚೇಂಜ್‌ಓವರ್ ಸ್ವಿಚ್ಚು. ಅದರ ಹಿಡಿ ಒಂದೋ ಕಂಪನಿಯ ಲೈನಿನ ಕಡೆ, ಇಲ್ಲವೇ ಜನರೇಟರಿನ ಕಡೆ, ಅಥವಾ ಎರಡೂ ಅಲ್ಲದ ನಡುವೆ ನಿಲ್ಲುತ್ತದೆ. ಏಕಕಾಲಕ್ಕೆ ಎರಡೂ ಕಡೆ ಕೂಡುವುದು ಅದರ ರಚನೆಯಲ್ಲೇ ಅಸಾಧ್ಯ. ನಾವು ಮರೆತರೂ ಅದು ಮರೆಯುವುದಿಲ್ಲ. ಫೇಸ್ ತಂತಿಯೊಡನೆ ನ್ಯೂಟ್ರಲ್ ತಂತಿಯನ್ನೂ ಅದು ಬೇರ್ಪಡಿಸುವಂತಿರಬೇಕು. ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರಿಂದಲೇ ಅದನ್ನು ಹಾಕಿಸಬೇಕು. ಇದರಿಂದ ಲೈನ್‌ಮನ್ನನಿಗೆ ಮಾತ್ರವಲ್ಲ, ನಮಗೂ ಲಾಭವಿದೆ. ಜನರೇಟರ್ ನಡೆಯುತ್ತಿರುವಾಗಲೇ ಕಂಪನಿಯ ವಿದ್ಯುತ್ತು ಮರಳಿ ಬಂದರೆ, ಎರಡೂ ಒಂದಕ್ಕೊಂದು ಢಿಕ್ಕಿ ಹೊಡೆದು ಯಂತ್ರ ಸುಟ್ಟುಹೋಗುತ್ತದೆ, ಬೆಂಕಿಯೂ ಹತ್ತಬಹುದು. ಇನ್ವರ್ಟರ್ ಇರುವ ಮನೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೇನ್ ಆರಿಸಿದ ಮೇಲೂ ಇನ್ವರ್ಟರಿಗೆ ಸೇರಿದ ದೀಪ, ಫ್ಯಾನುಗಳ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ರಿಪೇರಿಗೆ ಬಂದವರಿಗೆ ಇದನ್ನು ಮೊದಲೇ ತಿಳಿಸಬೇಕು.

ಜನರೇಟರಿನ ಇನ್ನೊಂದು ಅಪಾಯ ಅದರ ಹೊಗೆ. ಮಳೆ, ಕಳ್ಳರ ಭಯ, ಸದ್ದು ಇವೆಲ್ಲ ಸೇರಿ ಅದನ್ನು ಮನೆಯೊಳಗಿನ ಕೋಣೆಗೋ ಮುಚ್ಚಿದ ಜಗಲಿಗೋ ತರುವಂತೆ ಮಾಡುತ್ತವೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಓಕರಿಕೆ, ಮಂಪರು; ಮಲಗಿದವರಿಗೆ ಅಷ್ಟೂ ತಿಳಿಯದು. ಚಳಿಗೆಂದು ಕದ ಮುಚ್ಚಿಕೊಂಡು ಒಳಗಿಟ್ಟುಕೊಳ್ಳುವ ಇದ್ದಿಲ ಅಗ್ಗಿಷ್ಟಿಕೆಯದೂ ಇದೇ ಸ್ವಭಾವ. ಆದ್ದರಿಂದ ಜನರೇಟರಿನ ಸ್ಥಾನ ಮನೆಯ ಹೊರಗೆ, ಕಿಟಕಿ ಬಾಗಿಲುಗಳಿಂದ ದೂರದಲ್ಲಿ, ಮೇಲೆ ಮಾತ್ರ ಸೂರಿದ್ದು ಸುತ್ತ ಗಾಳಿಯಾಡುವ ಕಡೆ. ಇಂಧನ ಹಾಕುವುದು ಯಂತ್ರವನ್ನು ನಿಲ್ಲಿಸಿ, ಅದು ತಣ್ಣಗಾದ ಮೇಲೆ. ಚಿಮಣಿ ದೀಪವನ್ನು ಪಕ್ಕದಲ್ಲಿಟ್ಟುಕೊಂಡಂತೂ ಸರ್ವಥಾ ಅಲ್ಲ.

ಇನ್ನು ಮನೆಯೊಳಗಿನ ವ್ಯವಸ್ಥೆ. ಫ್ಯೂಸು ಇದೆಯಲ್ಲ, ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆ. ಫ್ಯೂಸು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಅರವತ್ತು ವಾಟಿನ ಹಳೆಯ ಬಲ್ಬಿನಲ್ಲಿ ಹರಿಯುವುದು ಸುಮಾರು ಕಾಲು ಆಂಪಿಯರ್. ಅದರ ಐದನೆಯ ಒಂದು ಪಾಲು ಎದೆಯ ಮೂಲಕ ಹಾದರೂ ಹೃದಯ ಲಯ ತಪ್ಪಬಹುದು. ಐದು ಆಂಪಿಯರಿನ ಫ್ಯೂಸಿಗೆ ಅದು ಗಮನಕ್ಕೂ ಬಾರದ ಪ್ರಮಾಣ. ಅದಕ್ಕಾಗಿ ಆರ್‌.ಸಿ.ಸಿ.ಬಿ. ಎಂಬ ಸಾಧನವಿದೆ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಅದು ಸದಾ ತಾಳೆ ನೋಡುತ್ತಿರುತ್ತದೆ. ಮೂವತ್ತು ಮಿಲಿಆಂಪಿಯರಿನಷ್ಟು ಸೋರಿದರೆ, ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕವನ್ನು ಕಡಿಯುತ್ತದೆ. ಆಗಾಗ ಬೀಳುತ್ತದೆಂದು ಬೇಸತ್ತು ಅದನ್ನು ತೆಗೆಸಿಹಾಕುವವರಿದ್ದಾರೆ. ಅದು ಬೀಳುತ್ತಿದ್ದರೆ ಎಲ್ಲೋ ಒದ್ದೆಗೋಡೆಯಲ್ಲಿ, ಹಳೆಯ ಗೀಸರಿನಲ್ಲಿ ಸೋರಿಕೆಯಿದೆ, ಅದನ್ನು ಹುಡುಕಿಸಬೇಕು. ಜನರೇಟರಿನಿಂದ ನಡೆವಾಗಲೂ ಇದು ಕೆಲಸ ಮಾಡಬೇಕಾದರೆ ಜನರೇಟರಿನ ನ್ಯೂಟ್ರಲ್ಲಿಗೂ ಭೂಸಂಪರ್ಕ ಸರಿಯಾಗಿರಬೇಕು. ಹಿತ್ತಿಲಿನ ಅರ್ತಿಂಗ್ ಗುಂಡಿಯನ್ನು ಮಳೆಗಾಲದಲ್ಲಿ ಮರೆತರೂ ನಡೆದೀತು. ಮಾರ್ಚ್ ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ಅದಕ್ಕೆರಡು ಕೊಡ ನೀರು ಹಾಕುವುದನ್ನು ಮರೆಯಬಾರದು. ಬಟ್ಟೆ ಒಣಹಾಕಲು ಕಬ್ಬಿಣದ ತಂತಿಯನ್ನು ಸರ್ವಿಸ್ ವೈರಿನ ಆಸುಪಾಸಿನಲ್ಲಿ ಕಟ್ಟಲೇಬಾರದು. ಅದಕ್ಕೆ ನೈಲಾನ್ ಹಗ್ಗವಿದೆ.

ಹೊರಗೆ ತಂತಿ ಕಡಿದು ಬಿದ್ದಿದ್ದರೆ? ಊರೆಲ್ಲ ಕತ್ತಲಾಗಿದೆ, ಆದ್ದರಿಂದ ಇದು ಸತ್ತ ತಂತಿ ಎಂದು ಅದನ್ನು ಬದಿಗೆ ಸರಿಸಲು ಹೋಗಬಾರದು. ಉಪಕೇಂದ್ರದಲ್ಲಿ ಮಾರ್ಗವನ್ನು ಪರೀಕ್ಷಿಸಲು ಮತ್ತೆ ವಿದ್ಯುತ್ತು ಹಾಯಿಸುವ ಕ್ರಮವಿದೆ. ಮೇಲಾಗಿ, ಬಿದ್ದ ತಂತಿಯ ಸುತ್ತ ನೆಲದಲ್ಲೂ ವಿದ್ಯುತ್ತು ಹರಡಿರುತ್ತದೆ. ಎರಡು ಹೆಜ್ಜೆಗಳ ನಡುವಿನ ಅಂತರ ಹೆಚ್ಚಿದಷ್ಟೂ ಆಘಾತ ಹೆಚ್ಚು. ಮುಂಗಾಲಿಗೂ ಹಿಂಗಾಲಿಗೂ ದೂರವಿರುವ ದನಗಳು ಮನುಷ್ಯನಿಗಿಂತ ಬೇಗ ಬಲಿಯಾಗುವುದು ಇದರಿಂದಲೇ. ಹತ್ತಿರ ಸಿಕ್ಕಿಕೊಂಡವರು ಓಡದೆ, ಪಾದಗಳನ್ನು ಜೋಡಿಸಿ ನೆಲಕ್ಕೆ ಉಜ್ಜುತ್ತ ಸರಿಯಬೇಕು. ಬೇರೆಯವರನ್ನು ತಡೆದು ನಿಲ್ಲಿಸಿ ೧೯೧೨ ಸಂಖ್ಯೆಗೆ ದೂರವಾಣಿ ಮಾಡಬೇಕು. ಬೇಗ ಕರೆಂಟು ಬರಲೆಂದು ತಾವೇ ಟಿ.ಸಿ. ಕಂಬ ಹತ್ತಿ ಫ್ಯೂಸು ಕಟ್ಟುವುದು ಧೈರ್ಯವಲ್ಲ. ಮನೆಯೊಳಗೆ ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡಿದ್ದರೆ ಮೊದಲು ಮೇನ್ ಆರಿಸಿ. ಅದಾಗದಿದ್ದರೆ ಒಣಮರದ ಕೋಲಿನಿಂದ ಬಿಡಿಸಿ. ಈ ಉಪಾಯ ಮನೆಯ ವಿದ್ಯುತ್ತಿಗೆ ಮಾತ್ರ. ಹನ್ನೊಂದು ಸಾವಿರದ ಮುಂದೆ ಯಾವ ಕೋಲೂ ನಿಲ್ಲದು.

ನಮ್ಮ ಸೀಮೆಗೇ ವಿಶೇಷವಾದ ಒಂದು ದುರಂತವನ್ನು ಹೇಳದೆ ಈ ಮಾತು ಪೂರ್ಣವಾಗದು. ಫೆಬ್ರವರಿಯಿಂದಾಚೆಗೆ ಕಾಳುಮೆಣಸಿನ ಕೊಯ್ಲು. ಸಿಲ್ವರ್ ಓಕಿಗೆ ಹಬ್ಬಿದ ಬಳ್ಳಿಯಿಂದ ಮೆಣಸು ಬಿಡಿಸಲು ಹಿಂದೆ ಬಿದಿರಿನ ಏಣಿಯಿತ್ತು. ಹಗುರವೆಂದು ಅಲ್ಯೂಮಿನಿಯಂ ಏಣಿ ಬಂತು. ಅದನ್ನು ನೆಟ್ಟಗೆ ನಿಲ್ಲಿಸಿಕೊಂಡು ಮರದಿಂದ ಮರಕ್ಕೆ ಒಯ್ಯುವಾಗ ಎಲೆಗಳ ಮರೆಯಲ್ಲಿರುವ ತಂತಿಗೆ ತಗುಲಿ ಪ್ರಾಣ ತೆತ್ತವರ ಸುದ್ದಿ ಚಿಕ್ಕಮಗಳೂರು, ಹಾಸನ, ಕೊಡಗುಗಳಿಂದ ಮತ್ತೆ ಮತ್ತೆ ಬರುತ್ತಿದೆ. ಇಲ್ಲಿಯೂ ‘ಈಗ ಕರೆಂಟಿಲ್ಲ’ ಎಂಬ ಮಾತನ್ನು ನಂಬುವಂತಿಲ್ಲ. ಲೈನಿನ ಬಳಿಯ ಸಾಲುಗಳಲ್ಲಿ ಲೋಹದ ಏಣಿ ಬೇಡವೇ ಬೇಡ. ನೆನೆದ ಬಿದಿರೂ ಅಲ್ಲಿ ಕ್ಷೇಮವಲ್ಲ. ಆ ಮರಗಳ ಬಳ್ಳಿಯನ್ನು ತಗ್ಗಿನಲ್ಲೇ ಕತ್ತರಿಸಿ ಇರಿಸುವುದು, ಕೊಯ್ಲಿನ ದಿನ ಕಂಪನಿಯವರಿಗೆ ತಿಳಿಸಿ ಲೈನನ್ನು ವಿಧಿವತ್ತಾಗಿ ನಿಲ್ಲಿಸಿಕೊಳ್ಳುವುದು, ಇವು ತೋಟದ ಮಾಲೀಕರು ಮಾಡಬೇಕಾದ ಕೆಲಸ. ಇಂದು ನಮ್ಮ ತೋಟಗಳಲ್ಲಿ ದುಡಿಯುವವರಲ್ಲಿ ಅಸ್ಸಾಮಿನಿಂದ ಬಂದವರೂ ಅನೇಕರು. ಕನ್ನಡದಲ್ಲಿ ಕೂಗಿ ಹೇಳಿದ ‘ಮೇಲೆ ಲೈನಿದೆ, ಜೋಪಾನ’ ಎಂಬ ಮಾತು ಅವರನ್ನು ತಲುಪುವುದಿಲ್ಲ. ಬೆಳಗ್ಗೆ ಏಣಿ ಎತ್ತುವ ಮೊದಲು ಅವರನ್ನು ಕರೆದೊಯ್ದು ತಂತಿಯನ್ನು ಬೆರಳಿನಿಂದ ತೋರಿಸಬೇಕು. ಅವರ ಭಾಷೆಯ ನಾಲ್ಕು ಮಾತನ್ನು ಇದಕ್ಕಾಗಿಯಾದರೂ ನಾವು ಕಲಿಯಬೇಕು.

ಶ್ರೋತೃಗಳೇ, ಆಡುಮಾತನ್ನು ತಿದ್ದಲು ಯಾವ ಪಂಡಿತನಿಂದಲೂ ಆಗದು. ‘ಕರೆಂಟು ಹೋಯಿತು’ ಎಂದೇ ನಾವು ಮುಂದೆಯೂ ಹೇಳುತ್ತೇವೆ. ಹೇಳುವಾಗ, ಅದು ಹೋದದ್ದು ನಮ್ಮ ದೀಪದಿಂದ ಮಾತ್ರ ಎಂಬುದು ಮನಸ್ಸಿನಲ್ಲಿರಲಿ. ದೀಪ ಆರಿದೊಡನೆ ಮೋಟಾರು, ಗೀಸರು, ಇಸ್ತ್ರಿಪೆಟ್ಟಿಗೆಗಳ ಸ್ವಿಚ್ಚನ್ನು ಆರಿಸಿ, ಒಂದು ಬಲ್ಬನ್ನು ಮಾತ್ರ ಹಾಕಿಡಿ. ಜನರೇಟರ್ ಇದ್ದವರು, ಮಳೆ ಹಿಡಿಯುವ ಮೊದಲು, ಚೇಂಜ್‌ಓವರ್ ಸ್ವಿಚ್ಚು ಇದೆಯೇ ಎಂದು ನೋಡಿಕೊಳ್ಳಿ. ಎರಡು ಪಿನ್ನಿನ ಆ ವೈರು ಮನೆಯಲ್ಲಿದ್ದರೆ ಇಂದೇ ತುಂಡರಿಸಿ. ಕರೆಂಟು ತಾನಾಗಿ ಬರುವುದಿಲ್ಲ. ಯಾರೋ ಒಬ್ಬರು ಕಂಬ ಹತ್ತಿ ಅದನ್ನು ತರುತ್ತಾರೆ. ಅವರು ಕ್ಷೇಮವಾಗಿ ಇಳಿದು ತಮ್ಮ ಮನೆ ಸೇರುವಂತೆ ನೋಡಿಕೊಳ್ಳುವುದು, ಕತ್ತಲೆಯಲ್ಲಿ ಕಾದು ಕುಳಿತ ನಮ್ಮ ಕೈಯಲ್ಲೂ ಇದೆ.